ಬೆಂಗಳೂರಿಗೆ ನಿತ್ಯ ಪ್ರಯಾಣ ಮಾಡುವವರು ವಾಸಕ್ಕೆ ಪಟ್ಟಣವನ್ನು ಆಯ್ಕೆ ಮಾಡಿಕೊಳ್ಳುವ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರು ನಗರದಲ್ಲಿ ಉದ್ಯೋಗದಲ್ಲಿರುವ ಅನೇಕ ಕುಟುಂಬಗಳು ಮನೆ ಬಾಡಿಗೆ ಹಾಗೂ ನಿವೇಶನದ ಬೆಲೆಯ ಕಾರಣದಿಂದ ರಾಮನಗರ, ತುಮಕೂರು, ದೊಡ್ಡಬಳ್ಳಾಪುರ, ಹೊಸಕೋಟೆ, ಮಾಲೂರು ಮುಂತಾದ ಸುತ್ತಲಿನ ಪಟ್ಟಣಗಳಲ್ಲಿ ನೆಲೆಸಲು ಬಯಸುತ್ತವೆ. ಈ ತೀರ್ಮಾನದಲ್ಲಿ ಕುಟುಂಬದ ಜೀವಮಾನದ ಉಳಿತಾಯವೂ, ಮುಂದಿನ ಹಲವು ವರ್ಷಗಳ ದಿನಚರಿಯೂ ಅಡಗಿರುತ್ತವೆ. ಆದರೂ ಬಹುಪಾಲು ಖರೀದಿಗಳು ಜಾಹೀರಾತು ಫಲಕ ಹಾಗೂ ಭಾನುವಾರದ ಒಂದು ಸ್ಥಳ ಭೇಟಿಯ ಆಧಾರದ ಮೇಲೆ ನಡೆಯುತ್ತಿರುವುದು ಕಂಡುಬರುತ್ತದೆ.

ಪಟ್ಟಣವನ್ನು ಆಯ್ಕೆ ಮಾಡುವಾಗ ಪಾಲಿಸಬೇಕಾದ ಮುಖ್ಯ ನಿಯಮ ಒಂದೇ ಆಗಿದೆ. ಇಂದು ಓಡುತ್ತಿರುವ ರೈಲು, ಇಂದು ನಲ್ಲಿಯಲ್ಲಿ ಬರುತ್ತಿರುವ ನೀರು ಹಾಗೂ ಇಂದು ಕೈಯಲ್ಲಿರುವ ದಾಖಲೆ, ಈ ಮೂರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಮುಂದೆ ಬರಲಿರುವ ಸೌಲಭ್ಯಗಳು ಬಂದರೆ ಅದು ಲಾಭವೆಂದು ತಿಳಿಯಬೇಕೇ ಹೊರತು, ಅವುಗಳಿಗಾಗಿ ಮುಂಚಿತವಾಗಿ ಬೆಲೆ ತೆರುವುದು ಸೂಕ್ತವಲ್ಲ. ಈ ನಿಯಮವನ್ನು ಅನ್ವಯಿಸುವ ಕ್ರಮವನ್ನು ಕೆಳಗಿನ ಕಂಡಿಕೆಗಳಲ್ಲಿ ವಿವರಿಸಲಾಗಿದೆ.

2. ದೂರವನ್ನು ಅಳೆಯುವ ಕ್ರಮ

ಜಾಹೀರಾತುಗಳಲ್ಲಿ ದೂರವನ್ನು ಕಿಲೋಮೀಟರುಗಳಲ್ಲಿ, ಅದೂ ನಗರದ ಅಂಚಿನಿಂದ ನಮೂದಿಸುವುದು ವಾಡಿಕೆ. ನಿತ್ಯ ಪ್ರಯಾಣಿಕರಿಗೆ ಈ ಅಳತೆಯಿಂದ ಪ್ರಯೋಜನವಿಲ್ಲ. ಮನೆಯ ಬಾಗಿಲಿನಿಂದ ಕೆಲಸದ ಸ್ಥಳದ ಬಾಗಿಲಿನವರೆಗೆ ಹಿಡಿಯುವ ಒಟ್ಟು ಸಮಯವೇ ನಿಜವಾದ ದೂರ. ಇದನ್ನು ಐದು ಭಾಗಗಳಾಗಿ ವಿಂಗಡಿಸಿ ಬರೆದುಕೊಳ್ಳಬೇಕು.

(ಅ) ಮನೆಯಿಂದ ರೈಲು ಅಥವಾ ಬಸ್ ನಿಲ್ದಾಣಕ್ಕೆ ತಲುಪುವ ಸಮಯ ಮತ್ತು ವಾಹನ ನಿಲುಗಡೆಗೆ ಬೇಕಾಗುವ ಸಮಯ.
(ಆ) ನಿಲ್ದಾಣದಲ್ಲಿ ಕಾಯುವ ಸಮಯ.
(ಇ) ರೈಲು ಅಥವಾ ಬಸ್ಸಿನಲ್ಲಿ ಕಳೆಯುವ ಸಮಯ.
(ಈ) ನಗರದಲ್ಲಿ ಇಳಿದ ನಂತರ ಮೆಟ್ರೋ ಅಥವಾ ಸಿಟಿ ಬಸ್ಸಿಗೆ ಬದಲಾಯಿಸಿ ಕೆಲಸದ ಸ್ಥಳ ತಲುಪುವ ಸಮಯ.
(ಉ) ಸಂಜೆ ಹಿಂತಿರುಗುವ ಪ್ರಯಾಣದಲ್ಲಿ ಮೇಲಿನ ನಾಲ್ಕೂ ಭಾಗಗಳಿಗೆ ಹಿಡಿಯುವ ಸಮಯ. ಇದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು.

ಬೆಳಗಿನ ಪ್ರಯಾಣಕ್ಕೂ ಸಂಜೆಯ ಪ್ರಯಾಣಕ್ಕೂ ವ್ಯತ್ಯಾಸವಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಗರ ತಲುಪಿಸುವ ರೈಲು ಇದ್ದ ಮಾತ್ರಕ್ಕೆ, ಸಂಜೆ ಏಳರ ನಂತರ ಹಿಂದಿರುಗಲು ಅನುಕೂಲವಾದ ರೈಲು ಇದೆಯೆಂದು ಭಾವಿಸಬಾರದು. ಪಾಳಿಯಲ್ಲಿ ಕೆಲಸ ಮಾಡುವವರು, ವಿಶೇಷವಾಗಿ ಮಹಿಳೆಯರು, ಕೊನೆಯ ರೈಲು ಹಾಗೂ ಕೊನೆಯ ಬಸ್ಸಿನ ವೇಳೆಯನ್ನು, ಆ ವೇಳೆಯಲ್ಲಿ ನಿಲ್ದಾಣದಿಂದ ಮನೆಗೆ ಹೋಗುವ ಮಾರ್ಗದಲ್ಲಿ ಬೀದಿ ದೀಪ ಹಾಗೂ ಆಟೋ ಸೌಲಭ್ಯ ಇದೆಯೇ ಎಂಬುದನ್ನು ಖುದ್ದಾಗಿ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

3. ಮಾರ್ಗವಾರು ವಿವರ

ಯಾವ ಪಟ್ಟಣ ಉತ್ತಮ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕೆಲಸದ ಸ್ಥಳ ನಗರದ ಯಾವ ದಿಕ್ಕಿನಲ್ಲಿದೆ ಎಂಬುದೇ ಮೊದಲು ಪರಿಗಣಿಸಬೇಕಾದ ಅಂಶ. ನಗರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಬೇಕಾದ ಪಟ್ಟಣವು ಎಷ್ಟೇ ಅಗ್ಗವಾಗಿದ್ದರೂ ದುಬಾರಿಯಾಗುತ್ತದೆ.

3.1 ಮೈಸೂರು ಮಾರ್ಗ: ಬಿಡದಿ, ರಾಮನಗರ, ಚನ್ನಪಟ್ಟಣ. ಬೆಂಗಳೂರು ನಗರ ನಿಲ್ದಾಣದಿಂದ ರೈಲು ಮಾರ್ಗದಲ್ಲಿ ಬಿಡದಿ ಸುಮಾರು 30 ಕಿ.ಮೀ., ರಾಮನಗರ ಸುಮಾರು 45 ಕಿ.ಮೀ. ಹಾಗೂ ಚನ್ನಪಟ್ಟಣ ಸುಮಾರು 56 ಕಿ.ಮೀ. ದೂರದಲ್ಲಿವೆ. ಈ ಮಾರ್ಗವು ಜೋಡಿ ಹಳಿ ಹಾಗೂ ವಿದ್ಯುದೀಕರಣ ಹೊಂದಿದೆ. ರಸ್ತೆಯಲ್ಲಿ ಬರುವವರು ಚಲ್ಲಘಟ್ಟದಿಂದ ನೇರಳೆ ಮೆಟ್ರೋ ಮಾರ್ಗವನ್ನು ಹಿಡಿಯಬಹುದಾಗಿದ್ದು, ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ವರೆಗಿನ ಪೂರ್ಣ ಮಾರ್ಗವು 2023ರ ಅಕ್ಟೋಬರ್‌ನಿಂದ ಸಂಚಾರಕ್ಕೆ ಲಭ್ಯವಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಹಾಗೂ ಆಟೋಗಳ ಸಂಚಾರ ನಿಷೇಧಿಸಲ್ಪಟ್ಟಿದೆ. ದ್ವಿಚಕ್ರ ವಾಹನದಲ್ಲಿ ಪ್ರಯಾಣಿಸುವವರು ಸರ್ವಿಸ್ ರಸ್ತೆಯ ಸಮಯವನ್ನೂ, ಕಾರಿನಲ್ಲಿ ಪ್ರಯಾಣಿಸುವವರು ಟೋಲ್ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಭಾರಿ ಮಳೆಯಿಂದ ರಾಮನಗರದ ಬಳಿ ಹೆದ್ದಾರಿ ಜಲಾವೃತವಾಗಿ ಸಂಚಾರಕ್ಕೆ ಅಡಚಣೆಯಾದುದನ್ನು ಸ್ಮರಿಸಬಹುದು. ಆದ್ದರಿಂದ ಯಾವುದೇ ಪಟ್ಟಣಕ್ಕೆ ರೈಲು ಹಾಗೂ ರಸ್ತೆ ಎರಡೂ ಮಾರ್ಗಗಳಿರುವುದು ಅಪೇಕ್ಷಣೀಯ.

3.2 ತುಮಕೂರು ಮಾರ್ಗ: ನೆಲಮಂಗಲ, ದಾಬಸ್‌ಪೇಟೆ, ತುಮಕೂರು. ತುಮಕೂರು ರೈಲಿನಲ್ಲಿ ಸುಮಾರು 70 ಕಿ.ಮೀ. ದೂರದಲ್ಲಿದ್ದು, ಈ ಮಾರ್ಗದ ಅನೇಕ ರೈಲುಗಳು ಯಶವಂತಪುರದಲ್ಲಿ ನಿಲ್ಲುವುದರಿಂದ ಅಲ್ಲಿ ಹಸಿರು ಮೆಟ್ರೋ ಮಾರ್ಗಕ್ಕೆ ಬದಲಾಯಿಸಿಕೊಳ್ಳಬಹುದು. ನೆಲಮಂಗಲವು ತುಮಕೂರಿಗಿಂತ ಬಹಳ ಸಮೀಪದಲ್ಲಿದ್ದರೂ ತುಮಕೂರಿನ ಮುಖ್ಯ ರೈಲು ಮಾರ್ಗದ ಮೇಲಿಲ್ಲ; ಅದು ಹಾಸನ ಕಡೆಗೆ ಹೋಗುವ ಏಕ ಹಳಿ ಮಾರ್ಗದಲ್ಲಿದೆ. ಆದ್ದರಿಂದ ನೆಲಮಂಗಲದ ನಿವಾಸಿಗಳು ಬಹುಮಟ್ಟಿಗೆ ರಸ್ತೆಯನ್ನೇ ಅವಲಂಬಿಸಬೇಕಾಗುತ್ತದೆ. 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ವಿಸ್ತರಣೆಯಾದ ಮೆಟ್ರೋದಿಂದ ಇವರಿಗೆ ಸ್ವಲ್ಪ ಅನುಕೂಲವಾಗಿದೆ. ಸಮೀಪದ ಪಟ್ಟಣಕ್ಕಿಂತ ದೂರದ ಪಟ್ಟಣದಿಂದ ಕೆಲವೊಮ್ಮೆ ಬೇಗ ತಲುಪಬಹುದು ಎಂಬುದಕ್ಕೆ ಈ ಎರಡು ಪಟ್ಟಣಗಳು ಉತ್ತಮ ಉದಾಹರಣೆ.

3.3 ಉತ್ತರ ದಿಕ್ಕು: ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ. ಯಲಹಂಕದಿಂದ ಎರಡು ರೈಲು ಮಾರ್ಗಗಳು ಕವಲೊಡೆಯುತ್ತವೆ. ದೊಡ್ಡಬಳ್ಳಾಪುರದ ಕಡೆಗಿನ ಮಾರ್ಗವು ಜೋಡಿ ಹಳಿಯದ್ದಾಗಿದೆ. ದೇವನಹಳ್ಳಿ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗವು ಏಕ ಹಳಿಯದ್ದಾಗಿದ್ದು, ಇಲ್ಲಿ ರೈಲುಗಳ ಸಂಖ್ಯೆ ಕಡಿಮೆ. ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ವೇಳಾಪಟ್ಟಿಯಿಂದ ತಿಳಿದುಕೊಳ್ಳತಕ್ಕದ್ದು. ವಿಮಾನ ನಿಲ್ದಾಣದ ಸುತ್ತಮುತ್ತ ಉದ್ಯೋಗದಲ್ಲಿರುವವರಿಗೆ ಈ ದಿಕ್ಕು ಸೂಕ್ತ.

3.4 ಪೂರ್ವ ದಿಕ್ಕು: ಹೊಸಕೋಟೆ, ಮಾಲೂರು, ಬಂಗಾರಪೇಟೆ. ಬಂಗಾರಪೇಟೆ ಸುಮಾರು 70 ಕಿ.ಮೀ. ದೂರದಲ್ಲಿದ್ದು, ಚೆನ್ನೈ ಕಡೆಗಿನ ಜೋಡಿ ಹಳಿ ಮಾರ್ಗದಲ್ಲಿದೆ. ಮಾಲೂರು ಅದೇ ಮಾರ್ಗದಲ್ಲಿ ಇನ್ನೂ ಸಮೀಪದಲ್ಲಿದೆ. ವೈಟ್‌ಫೀಲ್ಡ್ ಪ್ರದೇಶದಲ್ಲಿ ಕೆಲಸ ಮಾಡುವವರು ನಗರದ ಮಧ್ಯಕ್ಕೆ ಬಾರದೆಯೇ ವೈಟ್‌ಫೀಲ್ಡ್ ನಿಲ್ದಾಣದಲ್ಲಿ ಇಳಿದು ಮೆಟ್ರೋ ಹಿಡಿಯಬಹುದಾಗಿದೆ. ಹೊಸಕೋಟೆಯು ರಸ್ತೆಯಲ್ಲಿ ಸಮೀಪವಾದರೂ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ.

3.5 ದಕ್ಷಿಣ ದಿಕ್ಕು: ಆನೇಕಲ್, ಕನಕಪುರ, ಮಾಗಡಿ. ಕನಕಪುರ ಹಾಗೂ ನಗರದ ಪಶ್ಚಿಮಕ್ಕಿರುವ ಮಾಗಡಿಗೆ ರೈಲು ಸಂಪರ್ಕವಿಲ್ಲ; ಬಸ್ ಹಾಗೂ ಸ್ವಂತ ವಾಹನವೇ ಆಧಾರ. ಕನಕಪುರ ರಸ್ತೆಯಲ್ಲಿ ಬರುವವರು ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಹಸಿರು ಮೆಟ್ರೋ ಮಾರ್ಗವನ್ನು ಸೇರಬಹುದು. ಆನೇಕಲ್ ಹಾಗೂ ಅತ್ತಿಬೆಲೆ ಕಡೆಯವರಿಗೆ 2025ರ ಆಗಸ್ಟ್‌ನಲ್ಲಿ ಆರಂಭವಾದ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಉದ್ದದ ಹಳದಿ ಮಾರ್ಗವು ಉಪಯುಕ್ತವಾಗಿದೆ.

ರೈಲ್ವೆ ಸೀಸನ್ ಟಿಕೆಟ್ ಪಡೆಯುವವರು ಗಮನಿಸಬೇಕಾದ ಅಂಶವೆಂದರೆ, ಅದು ಎಲ್ಲ ರೈಲುಗಳಿಗೂ ತಾನಾಗಿಯೇ ಅನ್ವಯಿಸುವುದಿಲ್ಲ. ಸೂಪರ್‌ಫಾಸ್ಟ್ ರೈಲುಗಳಿಗೆ ಹೆಚ್ಚುವರಿ ಶುಲ್ಕ ಪಾವತಿಸಬೇಕಾಗುತ್ತದೆ. ಸಾಮಾನ್ಯವಾಗಿ ಕಾಯ್ದಿರಿಸಿದ ಬೋಗಿಗಳಲ್ಲಿ ಪ್ರಯಾಣಿಸಲು ಅವಕಾಶವಿರುವುದಿಲ್ಲ. ಆದ್ದರಿಂದ ವೇಳಾಪಟ್ಟಿಯಲ್ಲಿ ಹತ್ತು ರೈಲುಗಳಿದ್ದರೂ ನಿತ್ಯ ಪ್ರಯಾಣಿಕರ ಉಪಯೋಗಕ್ಕೆ ಬರುವವು ನಾಲ್ಕೈದು ಮಾತ್ರ ಇರಬಹುದು. ಎಣಿಸಬೇಕಾದದ್ದು ಇವುಗಳನ್ನೇ.

4. ಪ್ರಸ್ತಾವಿತ ಯೋಜನೆಗಳನ್ನು ಪರಿಗಣಿಸುವ ಬಗೆ

ನಿವೇಶನಗಳ ಜಾಹೀರಾತಿನಲ್ಲಿ ಉಪನಗರ ರೈಲು, ವರ್ತುಲ ರಸ್ತೆ, ಮೆಟ್ರೋ ವಿಸ್ತರಣೆ ಮುಂತಾದವುಗಳ ಉಲ್ಲೇಖ ಸಾಮಾನ್ಯ. ಸರ್ಕಾರದ ಯೋಜನೆಯೊಂದು ಪ್ರಸ್ತಾವ, ಸಾಧ್ಯತಾ ವರದಿ, ವಿಸ್ತೃತ ಯೋಜನಾ ವರದಿ, ಮಂಜೂರಾತಿ, ಭೂಸ್ವಾಧೀನ, ಟೆಂಡರ್, ಕಾಮಗಾರಿ, ಸುರಕ್ಷತಾ ತಪಾಸಣೆ ಎಂಬ ಹಂತಗಳನ್ನು ದಾಟಿ ಬಳಕೆಗೆ ಬರುತ್ತದೆ. ಪತ್ರಿಕೆಯಲ್ಲಿ ಪ್ರಕಟವಾದ ಸುದ್ದಿ ಯಾವ ಹಂತಕ್ಕೆ ಸಂಬಂಧಿಸಿದ್ದು ಎಂಬುದನ್ನು ನಾಗರಿಕರು ಗುರುತಿಸಬೇಕು.

ಉದಾಹರಣೆಗೆ, ನಾಲ್ಕು ಕಾರಿಡಾರುಗಳ, ಸುಮಾರು 148 ಕಿ.ಮೀ. ಉದ್ದದ ಬೆಂಗಳೂರು ಉಪನಗರ ರೈಲು ಯೋಜನೆಗೆ ಕೇಂದ್ರ ಸರ್ಕಾರದ ಅನುಮೋದನೆ ದೊರೆತದ್ದು 2020ರ ಅಕ್ಟೋಬರ್‌ನಲ್ಲಿ; ಶಂಕುಸ್ಥಾಪನೆ ನೆರವೇರಿದ್ದು 2022ರ ಜೂನ್‌ನಲ್ಲಿ. ಅನುಮೋದಿತ ಕಾರಿಡಾರುಗಳ ತುದಿಗಳು ದೇವನಹಳ್ಳಿ, ಚಿಕ್ಕಬಾಣಾವರ, ಕೆಂಗೇರಿ, ವೈಟ್‌ಫೀಲ್ಡ್, ಹೀಲಲಿಗೆ ಹಾಗೂ ರಾಜಾನುಕುಂಟೆ ಕಡೆಗಿವೆ. ರಾಮನಗರ, ತುಮಕೂರು ಅಥವಾ ಬಂಗಾರಪೇಟೆ ಈ 148 ಕಿ.ಮೀ. ಜಾಲದಲ್ಲಿ ಸೇರಿಲ್ಲ. ಆದಾಗ್ಯೂ ಈ ಪಟ್ಟಣಗಳ ನಿವೇಶನಗಳನ್ನು ಉಪನಗರ ರೈಲಿನ ಹೆಸರಿನಲ್ಲಿ ಮಾರಾಟಕ್ಕೆ ಇಟ್ಟರೆ ಖರೀದಿದಾರರು ಪ್ರಶ್ನಿಸತಕ್ಕದ್ದು.

ಇನ್ನೊಂದು ಉದಾಹರಣೆ ಬಿಡದಿಯದು. ಬಿಡದಿ ಸೇರಿದಂತೆ ಐದು ಸ್ಥಳಗಳಲ್ಲಿ ಉಪನಗರ ನಿರ್ಮಿಸುವ ಪ್ರಸ್ತಾವವು 2006ರಲ್ಲಿ ಪ್ರಕಟವಾಯಿತು. ಬಿಡದಿ ಹೋಬಳಿಯ ಗ್ರಾಮಗಳಲ್ಲಿ ಉಪನಗರಕ್ಕಾಗಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2025ರಲ್ಲಿ. ನಡುವೆ 19 ವರ್ಷಗಳು ಕಳೆದಿವೆ. 2006ರಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸಿದ್ದ ಕುಟುಂಬದಲ್ಲಿ ಆ ಮಗುವಿನ ಶಾಲಾ ಕಾಲೇಜು ಶಿಕ್ಷಣವೇ ಈ ಅವಧಿಯಲ್ಲಿ ಮುಗಿದಿರುತ್ತದೆ. ಯೋಜನೆಯ ಕಾಲಮಾನವೂ ಕುಟುಂಬದ ಕಾಲಮಾನವೂ ಬೇರೆ ಬೇರೆ ಎಂಬುದನ್ನು ಮನಗಾಣಬೇಕು.

ಯೋಜನೆಯ ಸಾಮೀಪ್ಯವು ಲಾಭದ ಜೊತೆಗೆ ಅಪಾಯವನ್ನೂ ತರಬಲ್ಲದು. ಉಪನಗರಕ್ಕೆ, ವರ್ತುಲ ರಸ್ತೆಗೆ ಅಥವಾ ಕೈಗಾರಿಕಾ ಪ್ರದೇಶಕ್ಕೆ ಅಧಿಸೂಚಿತವಾದ ಸರ್ವೆ ನಂಬರಿನಲ್ಲಿ ನಿವೇಶನ ಕೊಂಡವರು ಸ್ವಾಧೀನ ಪ್ರಕ್ರಿಯೆಗೆ ಒಳಪಡಬೇಕಾಗುತ್ತದೆ. ಆದ್ದರಿಂದ ಮುಂಗಡ ನೀಡುವ ಮೊದಲೇ ಸರ್ವೆ ನಂಬರನ್ನು ಅಧಿಸೂಚನೆಗಳೊಂದಿಗೆ ತಾಳೆ ನೋಡತಕ್ಕದ್ದು.

5. ಖರ್ಚು ಮತ್ತು ಸಮಯದ ಲೆಕ್ಕ

ಬಾಡಿಗೆಯಲ್ಲಿ ಉಳಿಯುವ ಹಣವನ್ನು ಮಾತ್ರ ನೋಡಿ ತೀರ್ಮಾನಿಸುವುದು ಅರ್ಧ ಲೆಕ್ಕ. ಉಳಿತಾಯವನ್ನು ಒಂದು ಕಡೆ, ಹೆಚ್ಚುವರಿ ವೆಚ್ಚವನ್ನು ಇನ್ನೊಂದು ಕಡೆ ಬರೆದು, ಕೊನೆಯಲ್ಲಿ ಸಮಯವನ್ನೂ ಸೇರಿಸಬೇಕು. ಕೆಳಗಿನದು ಕೇವಲ ಮಾದರಿ ಲೆಕ್ಕವಾಗಿದ್ದು, ಇದರಲ್ಲಿನ ಮೊತ್ತಗಳು ಕಾಲ್ಪನಿಕ. ಪ್ರತಿ ಕುಟುಂಬವೂ ತನ್ನದೇ ಅಂಕಿಗಳನ್ನು ತುಂಬಿಕೊಳ್ಳಬೇಕು.

ನಗರದಲ್ಲಿ ಮಾಸಿಕ ಬಾಡಿಗೆ: ರೂ. 18,000
ಪಟ್ಟಣದಲ್ಲಿ ಮಾಸಿಕ ಬಾಡಿಗೆ: ರೂ. 9,500
ಬಾಡಿಗೆಯಲ್ಲಿ ಉಳಿತಾಯ: ರೂ. 8,500

ಪಟ್ಟಣದಿಂದ ಮಾಸಿಕ ವೆಚ್ಚ:
ರೈಲು ಸೀಸನ್ ಟಿಕೆಟ್ ಮತ್ತು ಮೆಟ್ರೋ: ರೂ. 2,100
ನಿಲ್ದಾಣದವರೆಗೆ ಪೆಟ್ರೋಲ್ ಮತ್ತು ನಿಲುಗಡೆ ಶುಲ್ಕ: ರೂ. 1,200
ರೈಲು ತಪ್ಪಿದ ದಿನಗಳ ಬಸ್ಸು, ಆಟೋ: ರೂ. 700
ಬೇಸಿಗೆಯ ಟ್ಯಾಂಕರ್ ನೀರು (ತಿಂಗಳ ಸರಾಸರಿ): ರೂ. 1,000
ಒಟ್ಟು: ರೂ. 5,000
ಕಳೆಯಿರಿ, ನಗರದಲ್ಲಿದ್ದಾಗಿನ ಪ್ರಯಾಣ ವೆಚ್ಚ: ರೂ. 1,500
ಹೆಚ್ಚುವರಿ ವೆಚ್ಚ: ರೂ. 3,500
ನಿವ್ವಳ ಉಳಿತಾಯ: ರೂ. 5,000

ನಗರದಲ್ಲಿದ್ದಾಗ ಹೋಗಿ ಬರಲು ದಿನಕ್ಕೆ 2 ಗಂಟೆ, ಪಟ್ಟಣದಿಂದ 4 ಗಂಟೆ ಹಿಡಿಯುವುದಾದರೆ ತಿಂಗಳಿನ 25 ಕೆಲಸದ ದಿನಗಳಲ್ಲಿ 50 ಗಂಟೆಗಳು ಹೆಚ್ಚಾಗಿ ವ್ಯಯವಾಗುತ್ತವೆ. ಅಂದರೆ ಪ್ರತಿ ಗಂಟೆಗೆ ರೂ. 100 ಉಳಿದಂತಾಯಿತು. ಅದೇ ಮನೆಯಿಂದ ಪತಿ ಪತ್ನಿ ಇಬ್ಬರೂ ನಗರಕ್ಕೆ ಪ್ರಯಾಣಿಸುವುದಾದರೆ, ಎರಡನೆಯವರ ಹೆಚ್ಚುವರಿ ಪ್ರಯಾಣ ವೆಚ್ಚ ರೂ. 2,000 ಎಂದಿಟ್ಟುಕೊಂಡಲ್ಲಿ, ಉಳಿತಾಯ ರೂ. 3,000ಕ್ಕೆ ಇಳಿಯುತ್ತದೆ, ವ್ಯಯವಾಗುವ ಸಮಯ 100 ಗಂಟೆಗೆ ಏರುತ್ತದೆ. ಗಂಟೆಗೆ ಉಳಿಯುವುದು ರೂ. 30 ಮಾತ್ರ. ಶಾಲೆಯಿಂದ ಮಧ್ಯಾಹ್ನವೇ ಮನೆಗೆ ಬರುವ ಮಕ್ಕಳು, ವಯಸ್ಸಾದ ತಂದೆತಾಯಿಗಳು ಇರುವ ಮನೆಯಲ್ಲಿ ಈ ನೂರು ಗಂಟೆಗಳ ಬೆಲೆ ಎಷ್ಟೆಂಬುದನ್ನು ಆ ಕುಟುಂಬವೇ ನಿರ್ಧರಿಸಬೇಕು.

ಈ ಲೆಕ್ಕದಲ್ಲಿ ರಿಯಾಯಿತಿಗಳನ್ನೂ ಸೇರಿಸಿಕೊಳ್ಳಬಹುದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ. ಐಷಾರಾಮಿ ಹಾಗೂ ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಮನೆ ಖರೀದಿಸುವವರು ನೋಂದಣಿ ವೆಚ್ಚವನ್ನು ಮರೆಯಬಾರದು. ಮುದ್ರಾಂಕ ಶುಲ್ಕದ ಜೊತೆಗೆ ಪಾವತಿಸುವ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡ 1ರಿಂದ ಶೇಕಡ 2ಕ್ಕೆ ಹೆಚ್ಚಳವಾಗಿದೆ.

6. ನೀರು, ಶಾಲೆ ಮತ್ತು ಆಸ್ಪತ್ರೆ

ಬೆಂಗಳೂರು ಗ್ರಾಮಾಂತರ, ಕೋಲಾರ ಹಾಗೂ ಚಿಕ್ಕಬಳ್ಳಾಪುರ ಭಾಗದಲ್ಲಿ ಅಂತರ್ಜಲದ ಬಳಕೆಯು ಮರುಪೂರಣಕ್ಕಿಂತ ಹೆಚ್ಚಾಗಿದೆ. ಆದುದರಿಂದ "ಕೊಳವೆಬಾವಿ ಇದೆ" ಎಂಬ ಉತ್ತರವು ಸಾಲದು. ಬಾವಿಯ ಆಳ, ಏಪ್ರಿಲ್–ಮೇ ತಿಂಗಳಿನಲ್ಲಿ ನೀರಿನ ಲಭ್ಯತೆ, ಪುರಸಭೆಯ ನಲ್ಲಿ ಸಂಪರ್ಕ ಇರುವುದೇ, ಇದ್ದಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಿಡಲಾಗುತ್ತದೆ ಎಂಬುದನ್ನು ಬಡಾವಣೆಯ ಮಾಲೀಕರಿಂದಲ್ಲದೆ ಅಲ್ಲಿ ಈಗಾಗಲೇ ವಾಸವಿರುವವರಿಂದ ಕೇಳಿ ತಿಳಿಯಬೇಕು. ಒಳಚರಂಡಿ ಸಂಪರ್ಕ ಇಲ್ಲದ ಬಡಾವಣೆಗಳಲ್ಲಿ ಶೌಚ ಗುಂಡಿ ಹಾಗೂ ಕೊಳವೆಬಾವಿಯ ನಡುವಿನ ಅಂತರವನ್ನೂ ಗಮನಿಸತಕ್ಕದ್ದು.

ಅರ್ಕಾವತಿ ಹಾಗೂ ಕುಮುದ್ವತಿ ನದಿಗಳು ಸೇರಿ ತುಂಬಿಸುವ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶವು ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರ ಕಡೆಗೆ ಹರಡಿದೆ. ಇಲ್ಲಿನ ನಿರ್ಮಾಣಗಳ ಮೇಲೆ ಸರ್ಕಾರವು 2003ರಲ್ಲಿ ನಿರ್ಬಂಧಗಳನ್ನು ವಿಧಿಸಿ, 2019ರಲ್ಲಿ ಅವುಗಳನ್ನು ಪರಿಷ್ಕರಿಸಿದೆ. ನಿವೇಶನವು ಈ ವ್ಯಾಪ್ತಿಯಲ್ಲಿ ಬರುವುದೇ ಎಂಬುದನ್ನು ಸಂಬಂಧಪಟ್ಟ ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸಬೇಕು.

ಶಾಲೆಯ ವಿಷಯದಲ್ಲಿ, ಮಗುವಿನ ತರಗತಿಗೆ ಮಾತ್ರವಲ್ಲದೆ ಹತ್ತನೇ ತರಗತಿ ಹಾಗೂ ಪದವಿಪೂರ್ವ ಶಿಕ್ಷಣದವರೆಗೆ ಪಟ್ಟಣದಲ್ಲಿಯೇ ಅವಕಾಶವಿದೆಯೇ ಎಂದು ನೋಡುವುದು ಸೂಕ್ತ. ಇಲ್ಲವಾದಲ್ಲಿ ಕೆಲವೇ ವರ್ಷಗಳಲ್ಲಿ ಮಗುವೂ ನಿತ್ಯ ಪ್ರಯಾಣಿಕನಾಗಬೇಕಾಗುತ್ತದೆ. ಆಸ್ಪತ್ರೆಯ ವಿಷಯದಲ್ಲಿ ಹಗಲಿನ ಸೌಲಭ್ಯಕ್ಕಿಂತ ರಾತ್ರಿಯ ತುರ್ತು ಚಿಕಿತ್ಸೆ, ಹೆರಿಗೆ ಹಾಗೂ ಮಕ್ಕಳ ಚಿಕಿತ್ಸಾ ಸೌಲಭ್ಯವನ್ನು ವಿಚಾರಿಸಬೇಕು. ಮನೆಯ ದುಡಿಯುವ ಸದಸ್ಯರು ಹಗಲೆಲ್ಲ ಎರಡು ಗಂಟೆ ದೂರದಲ್ಲಿರುತ್ತಾರೆ ಎಂಬುದನ್ನು ನೆನಪಿನಲ್ಲಿಡಬೇಕು.

7. ಸ್ಥಳದ ಹೆಸರಿನ ಬಗ್ಗೆ ಎಚ್ಚರಿಕೆ

2025ರಲ್ಲಿ ಆದ ಆಡಳಿತಾತ್ಮಕ ಬದಲಾವಣೆಗಳಿಂದ "ಬೆಂಗಳೂರು ದಕ್ಷಿಣ" ಎಂಬ ಹೆಸರು ಮೂರು ಬೇರೆ ಬೇರೆ ಪ್ರದೇಶಗಳಿಗೆ ಅನ್ವಯಿಸುತ್ತದೆ. ಒಂದು, ಬೆಂಗಳೂರು ನಗರ ಜಿಲ್ಲೆಯ ಬೆಂಗಳೂರು ದಕ್ಷಿಣ ತಾಲ್ಲೂಕು. ಎರಡು, 2025ರ ಮೇ ತಿಂಗಳಿನಲ್ಲಿ ಮರುನಾಮಕರಣಗೊಂಡ ಹಿಂದಿನ ರಾಮನಗರ ಜಿಲ್ಲೆ. ಇದರ ಕೇಂದ್ರ ಸ್ಥಾನ ರಾಮನಗರವೇ ಆಗಿದೆ. ಮೂರು, 2025ರ ಸೆಪ್ಟೆಂಬರ್‌ನಿಂದ ಅಸ್ತಿತ್ವಕ್ಕೆ ಬಂದ ಐದು ನಗರ ಪಾಲಿಕೆಗಳಲ್ಲಿ ಒಂದಾದ ಬೆಂಗಳೂರು ದಕ್ಷಿಣ ನಗರ ಪಾಲಿಕೆ. "ಬೆಂಗಳೂರು ದಕ್ಷಿಣದಲ್ಲಿ ನಿವೇಶನ" ಎಂಬ ಫಲಕವು ಇವುಗಳಲ್ಲಿ ಯಾವುದನ್ನು ಸೂಚಿಸುತ್ತದೆ ಎಂಬುದರಿಂದ ಬೆಲೆಯೂ, ತೆರಿಗೆಯೂ, ಪ್ರಯಾಣದ ಸಮಯವೂ ಬದಲಾಗುತ್ತವೆ. ಆದ್ದರಿಂದ ಗ್ರಾಮ, ಹೋಬಳಿ, ತಾಲ್ಲೂಕು ಹಾಗೂ ಸರ್ವೆ ನಂಬರನ್ನು ಲಿಖಿತವಾಗಿ ಪಡೆಯತಕ್ಕದ್ದು.

8. ಪರಿಶೀಲಿಸಬೇಕಾದ ದಾಖಲೆಗಳು

ಪಟ್ಟಣಗಳ ಹೊರವಲಯದಲ್ಲಿ ಕೃಷಿ ಜಮೀನನ್ನು ಅನುಮೋದನೆಯಿಲ್ಲದೆ ವಿಭಜಿಸಿ ಮಾರಾಟ ಮಾಡುವ, ಜನಬಳಕೆಯಲ್ಲಿ ರೆವಿನ್ಯೂ ಸೈಟು ಎಂದು ಕರೆಯುವ ನಿವೇಶನಗಳು ಹೆಚ್ಚಾಗಿವೆ. ಇವುಗಳ ಬೆಲೆ ಕಡಿಮೆ ಇರುವುದಕ್ಕೆ ಕಾರಣವಿದೆ ಎಂಬುದನ್ನು ಅರಿತು ಕೆಳಕಂಡ ದಾಖಲೆಗಳನ್ನು ಪರಿಶೀಲಿಸಬೇಕು.

(1) ಭೂಪರಿವರ್ತನೆ: ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 95ರ ಅನ್ವಯ ಕೃಷಿ ಜಮೀನು ವಸತಿ ಉದ್ದೇಶಕ್ಕೆ ಪರಿವರ್ತನೆಯಾಗಿರುವುದಕ್ಕೆ ದಾಖಲೆ.

(2) ಬಡಾವಣೆ ನಕ್ಷೆ: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಕಲಂ 17ರಂತೆ ಯೋಜನಾ ಪ್ರಾಧಿಕಾರದ ಅನುಮೋದನೆ ಹಾಗೂ ನಿವೇಶನ ಬಿಡುಗಡೆ ಪತ್ರ. ನೆಲಮಂಗಲ, ಹೊಸಕೋಟೆ, ಆನೇಕಲ್, ಮಾಗಡಿ, ಕನಕಪುರ ಮುಂತಾದವುಗಳಿಗೆ ಪ್ರತ್ಯೇಕ ಯೋಜನಾ ಪ್ರಾಧಿಕಾರಗಳಿವೆ. ಭೂಪರಿವರ್ತನೆ ಆದ ಮಾತ್ರಕ್ಕೆ ಬಡಾವಣೆ ಅನುಮೋದಿತವೆಂದು ಅರ್ಥವಲ್ಲ.

(3) ಮೂಲಪತ್ರಗಳು ಮತ್ತು ಪಹಣಿ: ಜಮೀನು ಮಾರಾಟಗಾರರಿಗೆ ಬಂದ ಬಗೆಯನ್ನು ಹಿಂದಿನ ಕ್ರಯಪತ್ರ, ವಿಭಾಗಪತ್ರ, ಪಹಣಿ ಹಾಗೂ ಮ್ಯುಟೇಶನ್‌ನಿಂದ ನೋಡಬೇಕು. ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದಲ್ಲಿ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳವರ ಕೆಲವು ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಅಧಿನಿಯಮವು ಅನ್ವಯಿಸುವುದೇ ಎಂದು ತಿಳಿಯಬೇಕು. ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆಯನ್ನು ಪ್ರಶ್ನಿಸಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಮಾಡಲಾಗಿದೆ.

(4) ಋಣಭಾರ ಪ್ರಮಾಣಪತ್ರ: ಕಾವೇರಿ ತಂತ್ರಾಂಶದ ಮೂಲಕ ಪಡೆಯಬಹುದು. ವ್ಯವಹಾರಗಳಿದ್ದಲ್ಲಿ ನಮೂನೆ 15, ಇಲ್ಲದಿದ್ದಲ್ಲಿ ನಮೂನೆ 16 ನೀಡಲಾಗುತ್ತದೆ. ಇದರಲ್ಲಿ ನೋಂದಾಯಿತ ವ್ಯವಹಾರಗಳು ಮಾತ್ರ ಕಾಣುತ್ತವೆ. ನೋಂದಣಿಯಾಗದ ಕರಾರು ಅಥವಾ ಕುಟುಂಬದ ತಕರಾರುಗಳು ಕಾಣುವುದಿಲ್ಲ.

(5) ಖಾತಾ: ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದಿಂದ ಕ್ರಮಬದ್ಧ ಸ್ವತ್ತುಗಳಿಗೆ ನಮೂನೆ 9 ಹಾಗೂ 11ಎ, ಇತರ ಸ್ವತ್ತುಗಳಿಗೆ 11ಬಿ ನೀಡಲಾಗುತ್ತದೆ. ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಿ ಇ-ಖಾತಾ ಇರುತ್ತದೆ. 11ಬಿ ಅಥವಾ ಬಿ-ಖಾತಾ ಇದ್ದ ಮಾತ್ರಕ್ಕೆ ಬಡಾವಣೆ ಅಧಿಕೃತವಾಗುವುದಿಲ್ಲ. ಖಾತಾ ತೆರಿಗೆ ಪಾವತಿಯ ದಾಖಲೆಯೇ ಹೊರತು ಮಾಲೀಕತ್ವದ ಪುರಾವೆಯಲ್ಲ.

(6) ರೇರಾ ನೋಂದಣಿ: 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮದಂತೆ 500 ಚದರ ಮೀಟರ್ ಮೀರಿದ ಜಮೀನಿನ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆಯು ಮಾರಾಟಕ್ಕೆ ಮುನ್ನ ನೋಂದಣಿಯಾಗಬೇಕು. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

(7) ಸ್ವಾಧೀನಾನುಭವ ಪ್ರಮಾಣಪತ್ರ: ಕಟ್ಟಡಗಳಿಗೆ ಈ ಪ್ರಮಾಣಪತ್ರ ಹಾಜರುಪಡಿಸಿದ ನಂತರವೇ ವಿದ್ಯುತ್, ನೀರು ಮುಂತಾದ ಸಂಪರ್ಕ ನೀಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ಸಣ್ಣ ನಿವೇಶನಗಳ ಮನೆಗಳಿಗೆ ಇರುವ ವಿನಾಯಿತಿಯ ಬಗ್ಗೆ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಯಿತೆಂದರೆ ಸ್ವತ್ತಿನ ಹಕ್ಕು ದೋಷರಹಿತವೆಂದು ಸರ್ಕಾರ ದೃಢೀಕರಿಸಿದಂತಾಗುವುದಿಲ್ಲ. ಹಕ್ಕಿನ ಪರಿಶೀಲನೆ ಖರೀದಿದಾರರ ಹೊಣೆಯಾಗಿದ್ದು, ಅನುಭವಿ ವಕೀಲರ ಅಭಿಪ್ರಾಯ ಪಡೆಯಲು ತಗಲುವ ವೆಚ್ಚವು ನಿವೇಶನದ ಬೆಲೆಗೆ ಹೋಲಿಸಿದಲ್ಲಿ ಅತ್ಯಲ್ಪ.

9. ಹೊಸೂರಿನಲ್ಲಿ ನೆಲೆಸಲು ಬಯಸುವವರಿಗೆ

ಹೊಸೂರು ಬೆಂಗಳೂರಿಗೆ ಸಮೀಪವಾಗಿದ್ದು ಕನ್ನಡ ಮಾತನಾಡುವ ಕುಟುಂಬಗಳೂ ಅಲ್ಲಿ ಇವೆ. ಆದರೆ ಅದು ತಮಿಳುನಾಡಿಗೆ ಸೇರಿದ ನಗರ. ಅಲ್ಲಿ ಸ್ವತ್ತಿನ ನೋಂದಣಿ, ಮುದ್ರಾಂಕ ಶುಲ್ಕ, ಭೂದಾಖಲೆ ಹಾಗೂ ರೇರಾ ಎಲ್ಲವೂ ಆ ರಾಜ್ಯದ ನಿಯಮಕ್ಕೆ ಒಳಪಡುತ್ತವೆ. ಮೇಲಿನ 8ನೇ ಕಂಡಿಕೆಯ ನಮೂನೆಗಳು ಅಲ್ಲಿ ಅನ್ವಯಿಸುವುದಿಲ್ಲ. ವಾಸದ ವಿಳಾಸ ಬದಲಾದಲ್ಲಿ ಕರ್ನಾಟಕದ ನಿವಾಸಿಗಳಿಗೆ ಸೀಮಿತವಾದ ಯೋಜನೆಗಳ ಪ್ರಯೋಜನ ನಿಲ್ಲಬಹುದು. ಕರ್ನಾಟಕದಲ್ಲಿ ನೋಂದಣಿಯಾದ ವಾಹನವನ್ನು ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇರಿಸಿಕೊಂಡಲ್ಲಿ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕಾಗುತ್ತದೆ. 2006ರ ಕಾಯಿದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆಗೆ ಸಂಬಂಧಿಸಿದ ನಿಯಮಗಳಿದ್ದು, ಮಕ್ಕಳನ್ನು ಸೇರಿಸುವ ಮೊದಲು ಶಾಲೆಯಲ್ಲಿ ವಿಚಾರಿಸುವುದು ಸೂಕ್ತ.

10. ಮೊದಲು ಬಾಡಿಗೆ, ನಂತರ ಖರೀದಿ

ಆಯ್ಕೆ ಮಾಡಿದ ಪಟ್ಟಣದಲ್ಲಿ ಮನೆ ಕೊಳ್ಳುವ ಮೊದಲು ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ವಾಸಿಸುವುದು ಅತ್ಯಂತ ಸುರಕ್ಷಿತ ಮಾರ್ಗ. ಈ ಅವಧಿಯಲ್ಲಿ ಒಂದು ಬೇಸಿಗೆಯೂ ಒಂದು ಮಳೆಗಾಲವೂ ಬರುವಂತೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ನೀರಿನ ಸ್ಥಿತಿಯೂ, ಮಳೆಗಾಲದಲ್ಲಿ ರಸ್ತೆ, ಚರಂಡಿ ಹಾಗೂ ವಿದ್ಯುತ್ತಿನ ಸ್ಥಿತಿಯೂ ತಾವಾಗಿಯೇ ತಿಳಿಯುತ್ತವೆ. ಬಾಡಿಗೆಗೆ ಇರಲು ಸಾಧ್ಯವಾಗದವರು ಕನಿಷ್ಠ ಒಂದು ವಾರ, ಸೋಮವಾರವೂ ಸೇರಿದಂತೆ, ಕೆಲಸದ ವೇಳೆಯಲ್ಲಿ ಎರಡೂ ಕಡೆಯ ಪ್ರಯಾಣ ಮಾಡಿ ನೋಡಿ ಪ್ರತಿದಿನದ ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಭಾನುವಾರ ಕಾರಿನಲ್ಲಿ ಹೋಗಿ ನೋಡಿದ ದೂರವು ಸೋಮವಾರದ ದೂರವಲ್ಲ.

11. ಅರ್ಜಿ ಸಲ್ಲಿಸುವ ಕುರಿತು

ಪಹಣಿ, ಮ್ಯುಟೇಶನ್ ಪ್ರತಿ ಮುಂತಾದವುಗಳನ್ನು ನಾಡಕಚೇರಿ ಹಾಗೂ ತಾಲ್ಲೂಕು ಕಚೇರಿಯಿಂದ, ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯಿಂದ, ಖಾತಾ ಪ್ರತಿಯನ್ನು ಸ್ಥಳೀಯ ಸಂಸ್ಥೆಯಿಂದ, ಬಡಾವಣೆ ಅನುಮೋದನೆಯ ವಿವರವನ್ನು ಯೋಜನಾ ಪ್ರಾಧಿಕಾರದಿಂದ ಪಡೆಯಬಹುದಾಗಿದೆ. ಸಕಾಲ ಅಧಿನಿಯಮದ ವ್ಯಾಪ್ತಿಗೆ ಒಳಪಡುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರದೊಂದಿಗೆ ಜಿ.ಎಸ್.ಸಿ. ಸಂಖ್ಯೆಯನ್ನು ತಪ್ಪದೆ ಪಡೆದುಕೊಳ್ಳಬೇಕು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಈ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದು. ದಾಖಲೆಗಳನ್ನು ಮಾರಾಟಗಾರರು ನೀಡಿದ ಜೆರಾಕ್ಸ್ ಪ್ರತಿಯಲ್ಲಿ ನೋಡದೆ ಕಚೇರಿಯಿಂದಲೇ ನೇರವಾಗಿ ಪಡೆಯಲು ಕೋರಲಾಗಿದೆ.

ವಾಸ ಬದಲಾಯಿಸಿದ ನಂತರ ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾವಣೆಗೆ ನಮೂನೆ 8ರಲ್ಲಿ ಅರ್ಜಿ ಸಲ್ಲಿಸುವುದರೊಂದಿಗೆ, ಆಧಾರ್, ಪಡಿತರ ಚೀಟಿ ಹಾಗೂ ಅಡುಗೆ ಅನಿಲ ಸಂಪರ್ಕದ ವಿಳಾಸಗಳನ್ನೂ ಬದಲಾಯಿಸಿಕೊಳ್ಳತಕ್ಕದ್ದು.

ಸೂಚನೆ: ಈ ಲೇಖನವನ್ನು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ ನೀಡಲಾಗಿದ್ದು, ಯಾವುದೇ ಬಡಾವಣೆ ಅಥವಾ ಪಟ್ಟಣವನ್ನು ಶಿಫಾರಸು ಮಾಡುವ ಉದ್ದೇಶ ಹೊಂದಿರುವುದಿಲ್ಲ. ರೈಲು ವೇಳಾಪಟ್ಟಿ, ಪ್ರಯಾಣ ದರ ಹಾಗೂ ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ ಮುಂಗಡ ನೀಡುವ ದಿನದಂದು ಚಾಲ್ತಿಯಲ್ಲಿರುವ ವಿವರಗಳನ್ನು ಸಂಬಂಧಪಟ್ಟ ಕಚೇರಿಗಳಿಂದ ಖಚಿತಪಡಿಸಿಕೊಳ್ಳತಕ್ಕದ್ದು.